ಸರಪಳಿ ಮುಟ್ಟದ ಬದಿ

೨೩ ಸೆಪ್ಟೆಂಬರ್ ೧೯೪೮, ಗುರುವಾರ. ಭಾಲ್ಕಿ

ಗಾಡಿ ಮನೆಗೆ ಬಂತು. ಅದರ ಜೊತೆಗೆ ಅವನೂ ಬಂದ.

ಮೈದುನ ವೈಜಿನಾಥ ಬೆಳಿಗ್ಗೆಯೇ ಎರಡು ಜೋಡಿ ಎತ್ತು ಹೊಡೆದುಕೊಂಡು ಔರಾದ್ ದಾರಿಯ ಹಳ್ಳಕ್ಕೆ ಹೋಗಿದ್ದ. ನಮ್ಮ ಪಿಕಪ್ ಅಲ್ಲಿದೆಯೆಂದು ಕುರಿ ಕಾಯುವವರು ಹೇಳಿದ್ದರಂತೆ. ಚೈತ್ರದಲ್ಲಿ ನಿಜಾಮನ ಕಡೆಯ ರಜಾಕಾರರು ನನ್ನ ಗಂಡನನ್ನು ಕೊಂದು ಗಾಡಿಯನ್ನು ಕಿತ್ತುಕೊಂಡರು. ಆಷಾಢದಲ್ಲಿ ಅದು ಹಳ್ಳದಲ್ಲಿ ಹೂತುಕೊಂಡಾಗ ಅಲ್ಲೇ ಬಿಟ್ಟುಹೋದರು. ಮಳೆಗಾಲವಿಡೀ ನೀರಿನಲ್ಲಿ ನಿಂತಿತ್ತು. ನೀಲಿ ಬಣ್ಣ ಎಲ್ಲಿತ್ತೋ ಗೊತ್ತಾಗುವುದಿಲ್ಲ, ಮೈಯೆಲ್ಲ ತುಕ್ಕು.

ಹಿಂದಿನ ಸಾಮಾನು ಪೆಟ್ಟಿಗೆಯ ಕೆಸರಿನಲ್ಲಿ ಚಾಂದ ಪಾಶಾ ಕೈಕಾಲು ಕಟ್ಟಿಸಿಕೊಂಡು ಬಿದ್ದಿದ್ದ. ನಮ್ಮ ಡ್ರೈವರ, ಬೀದರಿನ ಚಿದ್ರಿಯವನು. ನಾನು ಈ ಮನೆಗೆ ಸೊಸೆಯಾಗಿ ಬರುವ ಮೊದಲಿನಿಂದಲೂ ಇಲ್ಲಿಯ ರೊಟ್ಟಿ ತಿಂದವನು. ಕೊಲೆಯಾದ ದಿನ ಗಾಡಿ ನಡೆಸುತ್ತಿದ್ದವನು ಇವನೇ. ಆಮೇಲೆ ರಜಾಕಾರರಿಗೂ ಇವನೇ ನಡೆಸಿದ. ಹೋದ ವಾರ ಹಿಂದುಸ್ತಾನದ ಮಿಲಿಟರಿ ಬಂದು ರಜಾಕಾರರು ಓಡಿದ ಮೇಲೆ ಔರಾದಿನ ಹತ್ತಿರ ಜೋಳದ ಹೊಲದಲ್ಲಿ ಅಡಗಿದ್ದಾಗ ಸಿಕ್ಕನಂತೆ. ಅವನ ಹೆಸರನ್ನು ಇನ್ನು ಮೇಲೆ ಬರೆಯುವುದಿಲ್ಲ.

ವೈಜಿನಾಥ ಅವನನ್ನು ಬೇವಿನ ಗಿಡದ ಕೆಳಗೆ ಕೆಡವಿ ಕೊಡಲಿ ತೆಗೆದುಕೊಂಡ.

"ವೈನಿ, ನೀವು ಒಳಗ ಹೋಗ್ರಿ."

ನಾನು ಹೋಗಲಿಲ್ಲ. "ಗಾಡಿ ಯಾರು ರಿಪೇರಿ ಮಾಡ್ತಾರ?" ಎಂದೆ.

"ಈಗ ಗಾಡಿ ಮಾತ್ಯಾಕ್ರಿ?"

"ಅದು ಓಡಿದ್ರ ಮನ್ಯಾಗ ಒಲಿ ಉರಿತದ. ಭಾಲ್ಕ್ಯಾಗ ಅದನ್ನ ಬಿಚ್ಚಿ ಕೂಡ್ಸೋರು ಇನ್ಯಾರದಾರ? ನಿನಗ ಬರ್ತದೇನು? ಮೊದಲ ಇವನ ಕೈಲೆ ಮಾಡಸ್ಕೋ. ಆಮ್ಯಾಲ ಕಡಿ."

ಹೊಸ್ತಿಲಲ್ಲಿ ನಿಂತಿದ್ದ ಅತ್ತೆ ಈರಮ್ಮನವರು, "ಖರೆ ಹೇಳ್ತಾಳ" ಎಂದರು. ವೈಜಿನಾಥ ನಕ್ಕ. ದೀಪಾವಳಿಯ ತನಕ ಎಂದು ಗಡುವು ಕೊಟ್ಟ. ಎತ್ತಿನ ಸರಪಳಿಯ ಒಂದು ತುದಿ ಗಿಡಕ್ಕೆ, ಇನ್ನೊಂದು ಅವನ ಕಾಲಿಗೆ. ಬೀಗದ ಕೈ ನನ್ನ ಸೊಂಟದಲ್ಲಿದೆ.

ನನಗೆ ಕನಿಕರ ಬರಲಿಲ್ಲ. ಸಾಯುವ ಮುಂಚೆ ಅವನನ್ನು ಒಂದು ಮಾತು ಕೇಳುವುದಿದೆ, ಅಷ್ಟೆ.

೨೫ ಸೆಪ್ಟೆಂಬರ್, ಶನಿವಾರ

ಎರಡು ದಿನ ಬರೀ ಕೆಸರು ತೆಗೆದದ್ದಾಯಿತು. ಸೀಟಿನ ಕೆಳಗೆ ಖಾಲಿ ತೋಟಾಗಳು, ಹೆಂಗಸಿನ ಒಂದು ಕಾಲುಂಗುರ. ಅದನ್ನು ನೋಡಿ ಅವನು ಮುಖ ತಿರುಗಿಸಿದ. ಯಾವ ಊರಿನ ಹೆಂಗಸೋ. ನಾನು ಅದನ್ನು ಕೆಸರಿನೊಂದಿಗೇ ಹೊರಗೆ ಎಸೆದೆ. ಮತ್ತೆ ಹುಡುಕಿದರೆ ಸಿಗಲಿಲ್ಲ.

ಕ್ಯಾಬಿನ್ನಿನ ನೆಲ ಕೈಯಿಂದ ಒತ್ತಿದರೆ ಹಪ್ಪಳದಂತೆ ಮುರಿಯುತ್ತದೆ. ಬಾಗಿಲುಗಳ ಕೆಳಭಾಗ ಹೋಗಿದೆ. ಅಡಿಯ ಉಕ್ಕಿನ ಚೌಕಟ್ಟು ಮಾತ್ರ ಗಟ್ಟಿಯಾಗಿದೆಯಂತೆ. ಸುತ್ತಿಗೆಯಿಂದ ಬಡಿದು ಕಿವಿಗೊಟ್ಟು ಕೇಳಿ ಹೇಳಿದ. ಹಿಡಿದುಕೊಂಡ ನಟ್ಟುಗಳಿಗೆಲ್ಲ ಸೀಮೆಎಣ್ಣೆ ಹಾಕಿಟ್ಟಿದ್ದಾನೆ.

ಸರಪಳಿ ಗಾಡಿಯ ಬಲಬದಿಗಷ್ಟೇ ಮುಟ್ಟುತ್ತದೆ. ಗಾಲಿಗಳು ಬಿಗಿಹಿಡಿದಿರುವುದರಿಂದ ಗಾಡಿಯನ್ನು ತಿರುಗಿಸಿ ನಿಲ್ಲಿಸಲೂ ಬರುವುದಿಲ್ಲ. ಉದ್ದ ಬಿಡಬೇಕೆಂದು ಅವನು ಕೇಳಿದ್ದಕ್ಕೆ ವೈಜಿನಾಥ ಎದೆಗೆ ಒದ್ದ. ಎಡಬದಿಯನ್ನು ಇನ್ನು ನಾನೇ ಮಾಡಬೇಕು. ಅವನು ಆ ಕಡೆಯಿಂದ ಹೇಳುತ್ತಾನೆ, ನಾನು ಈ ಕಡೆ ಕೆರೆಯುತ್ತೇನೆ. ನಡುವೆ ಗಾಡಿ ಇರುವುದರಿಂದ ಮುಖ ನೋಡಬೇಕಿಲ್ಲ.

೨೮ ಸೆಪ್ಟೆಂಬರ್, ಮಂಗಳವಾರ

ಕೆಲಸದ ನಡುವೆ ಅವನು ತನ್ನಷ್ಟಕ್ಕೆ, "ಸಾವಕಾರ್ರು ಇದ್ದಿದ್ರ ಹಿಂಗ ತುಕ್ಕ ಹತ್ತಗೊಡ್ತಿರಲಿಲ್ರಿ" ಎಂದ.

ಆ ಬಾಯಿಂದ ನನ್ನ ಗಂಡನ ಮಾತು ಬರಬಾರದು. ಸುತ್ತಿ ಹೋಗಿ ನಟ್ಟು ಬಿಚ್ಚುವ ದೊಡ್ಡ ಪಾನಾ ತೆಗೆದುಕೊಂಡು ಅವನ ಎಡಗೈ ಮೇಲೆ ಹೊಡೆದೆ. ಕೈ ಮಡ್‌ಗಾರ್ಡಿನ ಮೇಲಿತ್ತು. ಎರಡು ಬೆರಳು ಮುರಿದವು, ಸದ್ದು ಕೇಳಿಸಿತು. ಅವನು ಕೂಗಲಿಲ್ಲ. ಕೂಗಿದ್ದರೆ ಇನ್ನೊಂದು ಕೊಡುತ್ತಿದ್ದೆ.

ಅತ್ತೆಯವರು ಬಂದು ನನ್ನ ಬೆನ್ನು ಸವರಿದರು. ಸಂಜೆ ಹೊಟ್ಟೆ ತುಂಬ ಉಂಡೆ. ಬಹಳ ದಿನದ ಮೇಲೆ.

೧ ಅಕ್ಟೋಬರ್, ಶುಕ್ರವಾರ

ಬೆರಳು ಮುರಿದದ್ದರಿಂದ ಕೆಲಸ ನಿಂತಿದೆ. ಉಳಿಯನ್ನು ಹಿಡಿದು ಸುತ್ತಿಗೆ ಹೊಡೆಯಲು ಎರಡೂ ಕೈ ಬೇಕು. ಇನ್ನು ಮುಂದೆ ಕೈಗೆ ಹೊಡೆಯಬಾರದು.

ಸುತ್ತ ಎಲ್ಲ ದಿಕ್ಕಿನಲ್ಲೂ ಹೊಗೆ. ಮೆಹಕರದ ಕಡೆ, ಭಾತಂಬ್ರಾದ ಕಡೆ. ಮೊದಲು ರಜಾಕಾರರು ಸುಟ್ಟರು, ಈಗ ನಮ್ಮವರು ಸುಡುತ್ತಿದ್ದಾರೆ. ವೈಜಿನಾಥ ಮಧ್ಯಾಹ್ನ ಬಂದ. ಧೋತರದ ಅಂಚೆಲ್ಲ ರಕ್ತ, ಅವನದಲ್ಲ. ಚಕ್ಕಡಿಯ ತುಂಬ ತಗಡು. "ನೆಲಕ್ಕ ಹಾಕಲಿಕ್ಕೆ ಬೇಕಂದಿದ್ರಲ್ಲ ವೈನಿ" ಎಂದು ಇಳಿಸಿದ. ಬೆಂಕಿಗೆ ಕಪ್ಪಾದ ತಗಡು.

ಡ್ರೈವರ ಒಂದನ್ನು ತಿರುಗಿಸಿ ನೋಡಿದ. "ಇದು ಇಸ್ಮಾಯಿಲ ಚಾಚಾನ ಅಂಗಡಿದು" ಎಂದ. ಮಹಮ್ಮದ ಇಸ್ಮಾಯಿಲ ಅಂದರೆ ಪೇಟೆಯಲ್ಲಿ ಕೊಡ, ಡಬ್ಬಿ ಬೆಸೆದು ಕೊಡುತ್ತಿದ್ದ ಮುದುಕ. ನನ್ನ ನೀರಿನ ಕೊಡಕ್ಕೂ ಬೆಸುಗೆ ಹಾಕಿಕೊಟ್ಟಿದ್ದ. "ಚಾಚಾ ಎಲ್ಲದಾರ?" ಎಂದು ಡ್ರೈವರ ಕೇಳಿದ.

"ಬಾವ್ಯಾಗ" ಎಂದ ವೈಜಿನಾಥ. "ಎಲ್ಲರೂ ಅಲ್ಲೇ ಅದಾರ. ತಗಡ ಬಡಿ ನೀ."

ಬೆಂಕಿ ತಗಲಿದ ತಗಡಿಗೆ ತುಕ್ಕು ಬೇಗ ಹಿಡಿಯುತ್ತದಂತೆ. ಮಸಿಯೆಲ್ಲ ತೆಗೆದು ಆಮೇಲೆ ಹಾಕಬೇಕು. ಇಡೀ ಮಧ್ಯಾಹ್ನ ಇಟ್ಟಿಗೆ ಚೂರಿನಿಂದ ಮಸಿ ತಿಕ್ಕಿದೆ. ಮಸಿಯ ಕೆಳಗೆ ಜಿಗುಟು ಇತ್ತು. ಏನೆಂದು ನೋಡಲಿಲ್ಲ.

೬ ಅಕ್ಟೋಬರ್, ಬುಧವಾರ

ತುಕ್ಕು ತೆಗೆಯುವುದನ್ನು ಕಲಿತೆ. ಮೊದಲು ಮುರುಕು ಗರಗಸದ ಅಲಗಿನಿಂದ ಪದರು ಕೆರೆಯಬೇಕು. ಆಮೇಲೆ ತಂತಿ ಬ್ರಷ್. ಸಂದಿಯಲ್ಲಿ ಉಳಿದದ್ದಕ್ಕೆ ಹುಣಸೆಹಣ್ಣು ಕಿವುಚಿ ಮೆತ್ತಿ ಇಡೀ ದಿನ ಬಿಡಬೇಕು. ತೊಳೆದ ಮೇಲೆ ಹಸಿ ಇರಬಾರದು. ಬಟ್ಟೆಯಿಂದ ಒರಸಿ, ಬಿಸಿಲಿಗೆ ಕಾಯಿಸಿ, ಅದೇ ಕ್ಷಣ ಅಗಸೆ ಎಣ್ಣೆ ಸವರಬೇಕು. ತಡ ಮಾಡಿದರೆ ಕಣ್ಣ ಮುಂದೆಯೇ ಮತ್ತೆ ಕೆಂಪಾಗುತ್ತದೆ.

"ಸ್ವಲ್ಪ ಉಳಿದ್ರ ಏನಾಗ್ತದ?" ಎಂದು ಈ ಬದಿಯಿಂದ ಕೇಳಿದೆ.

"ಮ್ಯಾಲ ಬಣ್ಣ ಚಂದ ಕಾಣ್ತದ್ರಿ ಅಕ್ಕಾರ. ಒಳಗ ತಿಂತಿರ್ತದ."

ಅವನ ಬೆರಳು ಬಾತು ಹಸಿರಾಗಿವೆ. ತಗಡಿಗೆ ರಿಬೀಟು ಮೊಳೆ ಹೊಡೆಯುವ ಕೆಲಸ ಮುಂದಿದೆ, ಕೈ ಬೇಕು. ಹಾಗಾಗಿ ಅರಿಶಿನ ಎಣ್ಣೆ ಹಚ್ಚಿ, ಬಿದಿರಿನ ಸೀಳು ಇಟ್ಟು ಕಟ್ಟಿದೆ. ಅವನು ಆ ಕಡೆ ನೋಡುತ್ತಿದ್ದ, ನಾನು ಈ ಕಡೆ.

೧೦ ಅಕ್ಟೋಬರ್, ಭಾನುವಾರ

ಅಗಸೆ ಎಣ್ಣೆಯಲ್ಲಿ ಸಿಂಧೂರ ಕಲಸಿ ಉಕ್ಕಿಗೆ ಬಳಿಯುತ್ತಿದ್ದೇವೆ. ಇದರ ಮೇಲೆ ಬಣ್ಣ ಹಚ್ಚಿದರೆ ನೀರು ಒಳಗೆ ಇಳಿಯುವುದಿಲ್ಲ. ಅಂಗೈ, ಮುಂಗೈ ಎಲ್ಲ ಕೆಂಪು. ಹಣೆಯ ಬೆವರು ಒರಸಿಕೊಂಡಾಗ ಅಲ್ಲಿಗೂ ಹತ್ತಿತಂತೆ. ಅತ್ತೆಯವರು ನೋಡಿ ಕಿರುಚಿ ತಂಬಿಗೆ ಎಸೆದರು. ನನ್ನ ಕಿವಿಯ ಮೇಲೆ ಚರ್ಮ ಹರಿದಿದೆ. ಗಂಡ ಸತ್ತವಳಿಗೆ ಕೆಂಪು ಯಾಕೆ ಎಂದು ಒಂದೇ ಸಮ ಬೈದರು. ಗಾಡಿಗೆ ಎಂದೆ. ಕೇಳಿಸಿಕೊಳ್ಳಲಿಲ್ಲ.

೧೪ ಅಕ್ಟೋಬರ್, ಗುರುವಾರ

ಇಂದು ಕೇಳಿದೆ. ನಾನು ಎಡ ಬಾಗಿಲಿನ ಕೆಳಗೆ ಕೂತಿದ್ದೆ, ಅವನು ಬಲ ಬಾಗಿಲಿನ ಕೆಳಗೆ. ಕ್ಯಾಬಿನ್ನಿಗೆ ಹೊಸ ನೆಲ ಇನ್ನೂ ಹಾಕಿರಲಿಲ್ಲ. ಆಚೆ ಅವನ ಮೊಣಕಾಲು ಕಾಣುತ್ತಿತ್ತು.

"ಅವತ್ತ ಏನಾತು, ಎಲ್ಲಾ ಹೇಳು. ಸುಳ್ಳ ಹೇಳಿದ್ರ ವೈಜಿನಾಥನ್ನ ಈಗ ಕರೀತೇನಿ."

ಸುತ್ತಿಗೆ ಕೆಳಗಿಟ್ಟ ಸದ್ದು ಕೇಳಿಸಿತು. ಆಮೇಲೆ ಹೇಳಿದ.

"ಹಳ್ಳದ ಹತ್ರ ಅಡ್ಡ ನಿಂತ್ರಿ, ಹತ್ತ ಹನ್ನೆರಡ ಮಂದಿ. ಗಾಡಿ ಕೊಡಂದ್ರು. ಸಾವಕಾರ್ರು ಕೊಡಲ್ಲಂದ್ರು. ಕೆಳಗ ಎಳದ ಹೊಟ್ಟ್ಯಾಗ ಭರ್ಚಿ ಚುಚ್ಚಿದ್ರು. ಒಬ್ಬಾಂವ ನನ್ನ ಕುತ್ತಿಗಿಗಿ ಬಂದೂಕ ಇಟ್ಟ. ನಡಸಂದ."

"ನಡಸಿದಿ."

"ನಡಸಿದೆ."

"ಅವರು ಆಗ ಸತ್ತಿದ್ರೇನು?"

"ಇಲ್ರಿ."

ಅವನು ನಿಲ್ಲಿಸಲಿಲ್ಲ. ಹೇಳು ಎಂದಿದ್ದೆನಲ್ಲ.

"ಚಾಂದ್ಯಾ, ನಿಂದರಿಸೋ, ನನ್ನ ಬಿಟ್ಟ ಹೋಗಬ್ಯಾಡೋ ಅಂದ್ರು. ಎರಡ ಸಲ ಕೂಗಿದ್ರು. ನಾ ನಿಂದರಿಸ್ಲಿಲ್ಲ ಅಕ್ಕಾರ. ನನಗ ಜೀಂವ ಬೇಕಾಗಿತ್ತು. ಆಮ್ಯಾಲ ಮೂರ ತಿಂಗಳ ರಜಾಕಾರ್ರು ಹೇಳಿದ್ದ ಕಡಿಗೆಲ್ಲಾ ನಡಸಿದೆ. ಯಾರಿಗೂ ಹೊಡಿಲಿಲ್ಲ. ಆದ್ರ ಹೊಡಿಯೋರನ್ನ ನಾನೇ ಒಯ್ದೆ."

ಪಾನಾ ನನ್ನ ಕೈಯಲ್ಲೇ ಇತ್ತು.

೧೫ ಅಕ್ಟೋಬರ್, ಶುಕ್ರವಾರ

ಕೆಲಸಕ್ಕೆ ಹೋಗಲಿಲ್ಲ. ಅವನಿಗೆ ರೊಟ್ಟಿಯನ್ನೂ ಕೊಡಲಿಲ್ಲ.

೧೬ ಅಕ್ಟೋಬರ್, ಶನಿವಾರ

ಕೊಟ್ಟೆ. ನಿತ್ರಾಣವಾದರೆ ನೆಲದ ತಗಡು ಕೂರಿಸುವವರು ಯಾರು?

೨೨ ಅಕ್ಟೋಬರ್, ಶುಕ್ರವಾರ

ನೆಲ ಆಯಿತು, ಬಾಗಿಲುಗಳ ತೇಪೆ ಆಯಿತು. ಗಾಲಿ ಸಡಿಲಾಗಿವೆ. ಇಂಜಿನ್ ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದು ಕೂಡಿಸಿದ್ದಾನೆ. ವೈಜಿನಾಥ ಎಲ್ಲಿಂದಲೋ ಬ್ಯಾಟರಿ ತಂದುಕೊಟ್ಟು, ಸುತ್ತ ಒಮ್ಮೆ ನೋಡಿ, "ಮುಗೀತಲ್ಲ ವೈನಿ?" ಎಂದ.

"ಎಲ್ಲಿ ಮುಗೀತು? ಬಾಗಲಾ ನೋಡು."

ಬಾಗಿಲಿನ ಕೆಳಗೆ ಬೆರಳು ತೂರಿಸಿ ತುಕ್ಕಿನ ಪುಡಿ ತೆಗೆದು ತೋರಿಸಿದೆ. ಕಿಟಕಿಯ ಸಂದಿಯಿಂದ ಇಳಿದ ಮಳೆನೀರು ಬಾಗಿಲಿನ ಒಳಗೆ ನಿಂತು ಕೊಳೆಯುತ್ತದೆ. ಕೆಳಗೆ ಸಣ್ಣ ತೂತು ಕೊರೆದು ನೀರಿಗೆ ದಾರಿ ಮಾಡಬೇಕು, ಒಳಗೆಲ್ಲ ಎಣ್ಣೆ ಸುರಿಯಬೇಕು. ಅಡಿಗೆ ಡಾಂಬರು ಬಳಿಯಬೇಕು. ಇಲ್ಲದಿದ್ದರೆ ಬರುವ ಮಳೆಗಾಲಕ್ಕೆ ಮತ್ತೆ ಇದೇ ಗತಿ. ಇದನ್ನೆಲ್ಲ ನಾನೇ ಹೇಳಿದೆ. ಚಾಂದ ಪಾಶಾ ಆ ಬದಿಯಲ್ಲಿ ತಲೆ ತಗ್ಗಿಸಿ ಕೂತಿದ್ದ.

ವೈಜಿನಾಥ ಹೋದ ಮೇಲೆ ಅವನು, "ಆ ಪುಡಿ ಹಳೇದ್ರಿ ಅಕ್ಕಾರ. ಬಾಗಲಾ ಮೊನ್ನೆನ ಸಾಫ್ ಆಗ್ಯದ" ಎಂದ.

"ನಿನ್ನ ಕೇಳಿಲ್ಲ" ಎಂದೆ.

೨೯ ಅಕ್ಟೋಬರ್, ಶುಕ್ರವಾರ

ಇಂಜಿನ್ ಎದ್ದಿತು. ಮುಂದೆ ಹ್ಯಾಂಡಲ್ ಹಾಕಿ ತಿರುವಿದವಳು ನಾನು. ಸರಪಳಿ ಅಲ್ಲಿಯವರೆಗೆ ಬರುವುದಿಲ್ಲ. ಹೆಬ್ಬೆರಳನ್ನು ಹಿಡಿಕೆಯ ಸುತ್ತ ಹಾಕಬಾರದು, ತಿರುಗಿ ಹೊಡೆದರೆ ಮೂಳೆ ಮುರಿಯುತ್ತದೆ ಎಂದು ಚಾಂದ ಹೇಳಿಕೊಟ್ಟ. ಆರನೆಯದೋ ಏಳನೆಯದೋ ಸಲಕ್ಕೆ ಹೊಗೆ ಉಗುಳಿ ಗುಡುಗಿತು. ಅತ್ತೆಯವರು ಓಡಿ ಬಂದು ಬಾನೆಟ್ಟಿನ ಮೇಲೆ ಕೈಯಿಟ್ಟು ಅತ್ತರು. ಮಗ ಕೂತು ಬರುತ್ತಿದ್ದ ಸದ್ದು.

ಚಾಂದನ ಹೆಂಡತಿ ಗುಲಶನ ಚಿದ್ರಿಯಲ್ಲಿ ಇನ್ನೂ ಇದ್ದಾಳೋ ಇಲ್ಲವೋ ಅವನಿಗೆ ಗೊತ್ತಿಲ್ಲವಂತೆ. ನಾನು ಕೇಳಿದ್ದಕ್ಕೆ ಹೇಳಿದ. ಯಾಕೆ ಕೇಳಿದೆನೋ.

೨ ನವೆಂಬರ್, ಮಂಗಳವಾರ. ಬೀದರ್, ಆಸ್ಪತ್ರೆ

ಭಾನುವಾರದ್ದನ್ನು ಈಗ ಬರೆಯುತ್ತಿದ್ದೇನೆ.

ಬಾನೆಟ್ಟಿಗೆ ನೀಲಿ ಬಣ್ಣದ ಎರಡನೆಯ ಕೈ ಹಚ್ಚಿದ್ದೆವು. ಇಂಜಿನ್ ಪರೀಕ್ಷೆ ಮಾಡಲು ಹ್ಯಾಂಡಲ್ ನನ್ನ ಕೈಯಲ್ಲಿತ್ತು. ವೈಜಿನಾಥ ಇಬ್ಬರು ಗೆಳೆಯರೊಂದಿಗೆ ಸೇಂದಿ ಕುಡಿದು ಬಂದ.

"ನಾಳಿ ಹಬ್ಬ. ಇವತ್ತ ಮುಗಸ್ತೇನಿ."

"ಬಣ್ಣ ಇನ್ನಾ ಹಸಿ ಅದ. ನಾಳಿ ಬಾ."

"ನಿಮಗ ಬಣ್ಣದ್ದ ಚಿಂತಿ! ಅಣ್ಣನ ಚಿಂತಿ ಹೋತೇನ್ರಿ ವೈನಿ? ಇವನ ಕೂಡ ಕುಂತ ಕುಂತ ಮರತೀರೇನು?"

ಚಾಂದ ಗಾಡಿಯ ಕೆಳಗೆ ನುಗ್ಗಿದ. ಗೆಳೆಯರಿಬ್ಬರೂ ಸರಪಳಿ ಹಿಡಿದು ಎಳೆದರು. ಅವನು ಚೌಕಟ್ಟನ್ನು ತಬ್ಬಿಕೊಂಡಿದ್ದ. ಎಳೆದಂತೆಲ್ಲ ಕಾಲಿನ ಚರ್ಮ ಸುಲಿದು ರಕ್ತ ಬಂತು. ಮುರಿದ ಬೆರಳಿನ ಕೈ ಮೊದಲು ಬಿಟ್ಟಿತು, ಆಮೇಲೆ ಇನ್ನೊಂದು. ಅಂಗಾತ ಹೊರಗೆ ಬಂದ. ವೈಜಿನಾಥ ಎದೆಯ ಮೇಲೆ ಕಾಲಿಟ್ಟು ಕೊಡಲಿ ಎತ್ತಿದ.

ಆ ಕೊಡಲಿ ಹಿಂದಕ್ಕೆ ಹೋದಾಗ ಬಾನೆಟ್ಟಿಗೆ ತಾಗಿ ಹಸಿ ಬಣ್ಣ ಉದ್ದಕ್ಕೂ ಕಿತ್ತಿತು. ಅದಕ್ಕೇ ನನಗೆ ಸಿಟ್ಟು ಬಂದದ್ದು. ಹ್ಯಾಂಡಲ್ಲಿನಿಂದ ಅವನ ಬಲಗೈಗೆ ಹೊಡೆದೆ. ಮೊಣಕೈ ಕೆಳಗೆ ಮೂಳೆ ಹೊರಬಂತು. ಕೊಡಲಿ ಬಿತ್ತು. ಅವನು ತಿರುಗಿ ಎಡಗೈಯಿಂದ ನನ್ನ ಕುತ್ತಿಗೆ ಹಿಡಿದ. ತಲೆಗೆ ಹೊಡೆದೆ. ಮತ್ತೆ ಹೊಡೆದೆ. ಎಷ್ಟು ಸಲ ಎಂದು ನೆನಪಿಲ್ಲ. ಅತ್ತೆಯವರ ಚೀರು ಕೇಳಿದಾಗ ಅವನು ನನ್ನ ಕಾಲ ಬಳಿ ಇದ್ದ, ಗೆಳೆಯರು ಗೋಡೆ ಹಾರಿದ್ದರು. ಅವನ ಕಿವಿಯಿಂದ ರಕ್ತ ಹರಿದು ಮಣ್ಣಿನಲ್ಲಿ ನೊರೆಯಾಗುತ್ತಿತ್ತು.

"ಕೊಂದಿ! ಇದ್ದೊಬ್ಬನ್ನೂ ಕೊಂದಿ!"

ಉಸಿರಿತ್ತು. ಭಾಲ್ಕಿಯಲ್ಲಿ ಇಂಥದ್ದಕ್ಕೆ ಯಾರೂ ಇಲ್ಲ. ಬೀದರಿಗೆ ಎತ್ತಿನ ಗಾಡಿಯಲ್ಲಿ ಒಯ್ದರೆ ದಾರಿಯಲ್ಲೇ ಹೋಗುತ್ತಿದ್ದ. ನಾನು ಸೊಂಟದಿಂದ ಬೀಗದ ಕೈ ತೆಗೆದೆ. ಬಣ್ಣದ ಕೈಯಲ್ಲಿ ಜಾರಿ ಬೀಗಕ್ಕೆ ಸೇರಲಿಲ್ಲ. ಚಾಂದನೇ ನನ್ನ ಮುಷ್ಟಿ ಹಿಡಿದು ತಿರುಗಿಸಿದ.

ಅಂಗಳದ ಬಾಗಿಲು ತೆರೆದೇ ಇತ್ತು. ಅವನು ಓಡಬಹುದಿತ್ತು. ವೈಜಿನಾಥನ ಕಂಕುಳಿಗೆ ಕೈ ಹಾಕಿ, "ಕಾಲ ಹಿಡೀರಿ ಅಕ್ಕಾರ" ಎಂದ.

ಅತ್ತೆಯವರು ಹಿಂದೆ ಮಗನ ತಲೆ ತೊಡೆಯ ಮೇಲಿಟ್ಟುಕೊಂಡು ಕೂತರು. ದಾರಿಯುದ್ದಕ್ಕೂ ಕ್ಯಾಬಿನ್ನಿನ ಹಿಂದಿನ ತಗಡಿಗೆ ಬಡಿಯುತ್ತ ಕೂಗುತ್ತಿದ್ದರು: "ಜಲ್ದಿ ಹೊಡಿಯೋ ನನ್ನಪ್ಪಾ, ಜಲ್ದಿ ಹೊಡಿಯೋ!" ಚಾಂದನ ಕಾಲಿನ ರಕ್ತದಿಂದ ಬ್ರೇಕು ಜಾರುತ್ತಿತ್ತು. ಹೊಸ ನೆಲ ಅಲುಗಲಿಲ್ಲ.

ಇಂದು ವೈಜಿನಾಥ ಕಣ್ಣು ಬಿಟ್ಟ. ಮಿಲಿಟರಿಯ ಒಬ್ಬ ಅಧಿಕಾರಿ ದುಭಾಷಿಯೊಂದಿಗೆ ಬಂದು ಯಾರು ಹೊಡೆದರು ಎಂದು ಕೇಳಿದ. ವೈಜಿನಾಥ ನನ್ನನ್ನು ನೋಡಿದ, ಬಹಳ ಹೊತ್ತು. ಹೆಂಗಸಿನ ಕೈಯಲ್ಲಿ ಹೊಡೆತ ತಿಂದೆ ಎಂದು ಊರ ಮುಂದೆ ಹೇಳಲು ಅವನಿಗೆ ಆಗಲಿಲ್ಲ.

"ಹ್ಯಾಂಡಲ್ ತಿರುಗಿ ಹೊಡೀತ್ರಿ" ಎಂದ.

ಅಧಿಕಾರಿ ಚಾಂದನ ಕಡೆ ತಿರುಗಿದಾಗ ನಾನೇ ಮುಂದಾಗಿ, "ನಮ್ಮ ಡ್ರೈವರ್ರೀ" ಎಂದೆ. ಅಷ್ಟಕ್ಕೆ ಮುಗಿಯುತ್ತಿತ್ತು. ಆದರೆ ಆ ಮೂರ್ಖ ಬಾಯಿ ಬಿಟ್ಟ. ಮೂರು ತಿಂಗಳು ರಜಾಕಾರರ ಗಾಡಿ ನಡೆಸಿದ್ದನ್ನು ಊರು ಊರಿನ ಹೆಸರು ಹಿಡಿದು ಹೇಳಿದ. ಅಲ್ಲೇ ಕೈಗೆ ಬೇಡಿ ಹಾಕಿದರು.

"ನಿನಗ ಯಾರ ಕೇಳಿದ್ರು?" ಎಂದು ಕೂಗಿದೆ.

"ಆ ಹೆಣ್ಮಗಳ ಕಾಲುಂಗುರ ಮತ್ತ ಮತ್ತ ಕಣ್ಣಿಗಿ ಬರ್ತದ್ರಿ" ಎಂದ.

೧೨ ನವೆಂಬರ್, ಶುಕ್ರವಾರ. ಬೀದರ್

ಗುಲಶನ ಬದುಕಿದ್ದಾಳೆ. ಚಿದ್ರಿಯಲ್ಲಿ ಬಾಗಿಲು ಮುರಿದ ಮನೆಯಲ್ಲಿ ಗೋಣಿ ಕಟ್ಟಿಕೊಂಡು ಒಬ್ಬಳೇ ಇದ್ದಳು. ಚಾಂದ ಜೇಲಿನಲ್ಲಿದ್ದಾನೆ ಎಂದು ನಾನು ಹೇಳಿದಾಗ ನೆಲಕ್ಕೆ ಕುಸಿದು, "ಜಿಂದಾ ಅದಾರಲ್ಲ, ಜಿಂದಾ ಅದಾರಲ್ಲ" ಎಂದಳು.

ಇಂದು ಜೇಲಿನಲ್ಲಿ ಅವನನ್ನು ನೋಡಿ ಬಂದ ಮೇಲೆ ಕೇಳಿದಳು: "ಅವರ ಬೆರಳಿಗಿ ಏನಾಗ್ಯದ ಅಕ್ಕಾರ?"

"ನಾ ಹೊಡದೆ."

ಅವಳು ನನ್ನ ಕೆನ್ನೆಗೆ ಬಾರಿಸಿದಳು. ಕಿವಿಯಲ್ಲಿ ಗುಂಯ್ ಎಂದಿತು. ಜೇಲಿನ ಕಾವಲಿನವರು ನೋಡುತ್ತಿದ್ದರು. ನಾನು ಸೆರಗು ಸರಿಮಾಡಿಕೊಂಡು, ಭಾಲ್ಕಿಗೆ ಹೊರಡುವ ಮುಂಚೆ ಅವಳ ಬಾಗಿಲಿಗೆ ಹಲಗೆ ಹೊಡೆಸುತ್ತೇನೆ ಎಂದೆ.

೨೦ ಜನವರಿ ೧೯೪೯, ಗುರುವಾರ. ಬೀದರ್

ಇಂದು ಕಚೇರಿಯಲ್ಲಿ ನನ್ನ ಸಾಕ್ಷಿ ಇತ್ತು.

ಬೆಳಿಗ್ಗೆ ಭಾಲ್ಕಿಯಿಂದ ಹೊರಡುವಾಗ ಅತ್ತೆಯವರು ಅಂಗಳಕ್ಕೆ ಬಂದರು. ಹಿಂದೆ ವೈಜಿನಾಥ. ಅವನ ಬಲಗೈ ಒಣಗಿ ಎದೆಗೆ ಅಂಟಿಕೊಂಡಿದೆ. ನನ್ನೊಂದಿಗೆ ಮಾತಿಲ್ಲ. ಅತ್ತೆಯವರೇ ಆಡಿದರು: "ಅವನ ಪರ ಹೇಳಿದ್ರ ಈ ಮನಿ ಹೊಸ್ತಿಲಾ ತುಳೀಬ್ಯಾಡ." ನಾನು ಅವರ ಕಾಲಿಗೆ ಬಿದ್ದು ಎದ್ದೆ. ಗಾಡಿಗೆ ಈಗ ಬೇರೆ ಡ್ರೈವರ ಇದ್ದಾನೆ, ಔರಾದಿನ ಗೋರಖನಾಥ. ಅವನು ಕೇಳದವನಂತೆ ಟಯರು ಒದ್ದು ನೋಡುತ್ತಿದ್ದ.

ಕಚೇರಿಯಲ್ಲಿ ಚಾಂದನನ್ನು ಎದುರಿಗೇ ನಿಲ್ಲಿಸಿದ್ದರು. ಸೊರಗಿದ್ದ. ದುಭಾಷಿಯ ಮೂಲಕ ಅಧಿಕಾರಿ ಕೇಳಿದ.

"ನಿಮ್ಮ ಗಂಡನ ಕೊಲೆಯಾದಾಗ ಗಾಡಿ ಇವನ ಕೈಯಲ್ಲಿತ್ತೆ?"

"ಇತ್ರಿ."

"ನಿಮ್ಮ ಗಂಡ ಕರೆದರೂ ನಿಲ್ಲಿಸಲಿಲ್ಲವೆ?"

"ನಿಂದರಿಸ್ಲಿಲ್ರಿ. ಕುತ್ತಿಗಿಗಿ ಬಂದೂಕ ಇತ್ತು."

"ಬಂದೂಕನ್ನು ನೀವು ನೋಡಿದಿರಾ?"

"ಇಲ್ರಿ."

"ಮತ್ತೆ ಯಾರು ಹೇಳಿದರು?"

"ಇವನೇ."

ಕೋಣೆಯಲ್ಲಿ ಯಾರೋ ನಕ್ಕರು. ಅಧಿಕಾರಿ ಲೇಖನಿ ಕೆಳಗಿಟ್ಟ.

"ನಿಮ್ಮ ಗಂಡನನ್ನು ಸಾಯಲು ಬಿಟ್ಟು ಹೋದವನ ಮಾತನ್ನು ನೀವು ನಂಬುತ್ತೀರಾ?"

"ನಂಬ್ತೇನ್ರಿ."

ಇನ್ನೂ ಏನೇನೋ ಕೇಳಿದರು. ಸಹಿ ಮಾಡಿಸಿಕೊಂಡರು. ತೀರ್ಪು ಯಾವಾಗ ಎಂದರೆ ಹೇಳಲಿಲ್ಲ. ಚಾಂದನನ್ನು ಒಳಗೆ ಕರೆದೊಯ್ಯುವಾಗ ಅವನು ನನ್ನ ಕಡೆ ನೋಡಲಿಲ್ಲ, ಹೆಗಲು ಮಾತ್ರ ಅಲುಗುತ್ತಿತ್ತು.

ಹೊರಗೆ ಗೋರಖನಾಥ ಕೇಳಿದ, "ಭಾಲ್ಕಿಗಿ ಏನ್ರಿ ಅಕ್ಕಾರ?"

"ಚಿದ್ರಿಗಿ ನಡಿ" ಎಂದೆ. ಗುಲಶನಳಿಗೆ ಮೊದಲು ತಿಳಿಸಬೇಕಿತ್ತು. ಗಾಡಿಯ ಅಡಿಗೆ ಬಳಿಯಲು ಡಾಂಬರು ಕೊಳ್ಳುವುದು ಇಂದೂ ಮರೆತುಹೋಯಿತು.

ಅವಳು ಪೂರ್ತಿ ಕೇಳಿದಳು. ಅಳಲಿಲ್ಲ. ಊಟ ಮಾಡುತ್ತೀರಾ ಎಂದೂ ಕೇಳಲಿಲ್ಲ. ಜೋಳದ ರೊಟ್ಟಿ, ಪುಂಡಿ ಪಲ್ಯ ತಾಟಿನಲ್ಲಿ ಹಾಕಿ ನನ್ನ ಮುಂದೆ ಇಟ್ಟು, ಎದುರಿಗೆ ತಾನೂ ಕೂತಳು.

ಹಸಿವಾಗಿತ್ತು. ಉಂಡೆ.